ಅಮೆರಿಕದ ಹಳೆಯ ಮನೆಗಳು ನಿಮ್ಮ ಗಾಜಿನ ಬೀರುವಿನಲ್ಲಿ: ಪುಟ್ಟ ಮಾದರಿಗಳನ್ನು ಆರಿಸಿ, ತಂದು, ಕಾಪಾಡಿಕೊಳ್ಳುವ ಬಗೆ

ಓಹಾಯೋ ರಾಜ್ಯದ ಒಂದು ಸಣ್ಣ ಊರಿನಲ್ಲಿ ನಾವು ಎಂಟು ವರ್ಷ ಇದ್ದೆವು. ಒಂದು ಶನಿವಾರ ಬೆಳಿಗ್ಗೆ ಪಕ್ಕದ ಬೀದಿಯವರು ಗ್ಯಾರೇಜ್ ಸೇಲ್ ಇಟ್ಟಿದ್ದರು. ಹಳೆಯ ತಟ್ಟೆ, ಲೋಟ, ಮಕ್ಕಳ ಆಟದ ಸಾಮಾನಿನ ನಡುವೆ ಒಂದು ಮರದ ತುಂಡು ಕಣ್ಣಿಗೆ ಬಿತ್ತು. ಅಂಗೈಯಲ್ಲಿ ಹಿಡಿಯುವಷ್ಟು ಎತ್ತರ, ಮುಕ್ಕಾಲು ಇಂಚು ದಪ್ಪ. ಮುಂದೆ ಇಟ್ಟಿಗೆ ಬಣ್ಣದ ಕಟ್ಟಡ, ಮೆಟ್ಟಿಲ ಹತ್ತಿರ ಒಂದು ಕರಿ ಬೆಕ್ಕು. ಎಲ್ಲೋ ನೋಡಿದ ಹಾಗಿದೆಯಲ್ಲ ಅನ್ನಿಸಿ ತಿರುಗಿಸಿದೆ. ಹಿಂದೆ ಸಣ್ಣ ಅಕ್ಷರದಲ್ಲಿ ನಮ್ಮೂರಿನ ಹೆಸರು! ವಾರಕ್ಕೆ ಎರಡು ಸಲ ಮಗಳ ಕೈ ಹಿಡಿದು ಹೋಗುತ್ತಿದ್ದ ಲೈಬ್ರರಿ ಅದು. ಅದನ್ನು ಯಾವಾಗ ಕಟ್ಟಿದರು, ಮೊದಲು ಆ ಜಾಗದಲ್ಲಿ ಏನಿತ್ತು ಅನ್ನುವುದೆಲ್ಲ ನನಗೆ ಗೊತ್ತಾಗಿದ್ದು ಆ ಮರದ ತುಂಡಿನ ಬೆನ್ನು ಓದಿದ ಮೇಲೆ. ಎರಡು ಡಾಲರ್ ಕೊಟ್ಟು ತಂದೆ.

ಈಗ ಮೈಸೂರಿಗೆ ವಾಪಸ್ ಬಂದಿದ್ದೇವೆ. ಅಂಥ ನಲವತ್ತು ಮನೆಗಳು ನಮ್ಮ ಗಾಜಿನ ಬೀರುವಿನಲ್ಲಿವೆ. ದಸರಾ ಬಂದರೆ ಗೊಂಬೆ ಮೆಟ್ಟಿಲ ಮುಂದೆ ನೆಲದ ಮೇಲೆ ಪಾರ್ಕು, ಸಂತೆ ಅಂತ ಒಂದು ಊರು ಮಾಡುತ್ತೇವಲ್ಲ, ಅದರ ಒಂದು ಬೀದಿ ಇವುಗಳದ್ದು. ಗೊಂಬೆ ನೋಡಲು ಬಂದವರು ಇವನ್ನೇ ಕೈಗೆತ್ತಿಕೊಂಡು ಕೇಳುತ್ತಾರೆ: ಎಲ್ಲಿ ಸಿಗುತ್ತೆ, ಎಷ್ಟಾಗುತ್ತೆ, ನಮ್ಮ ಮಗ ಅಮೆರಿಕದಲ್ಲಿದ್ದಾನೆ, ಏನು ತರಿಸಲಿ? ಅವರಿಗಾಗಿ, ಅಲ್ಲೇ ನೆಲೆಸಿರುವ ಕನ್ನಡದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನ್ನ ಅನುಭವದಲ್ಲಿ ಒಂದೇ ಕ್ರಮ ಸರಿ ಬರುತ್ತದೆ: ಮೊದಲು ನಿಜವಾದ ಮನೆಯನ್ನು ತಿಳಿದುಕೊಳ್ಳಿ, ಆಮೇಲೆ ಅದರ ಪುಟ್ಟ ಮಾದರಿ ಹುಡುಕಿ. ಉಲ್ಟಾ ಮಾಡಿದರೆ ಬೀರು ತುಂಬುತ್ತದೆ, ಒಂದರ ಕತೆಯೂ ಗೊತ್ತಿರುವುದಿಲ್ಲ.

ಹೆಜ್ಜೆ 1: ಏನೇನು ಬಗೆ ಇದೆ ಅಂತ ನೋಡಿ

ಮೊದಲನೆಯದು ಚಪ್ಪಟೆ ಮರದ ಮನೆಗಳು. ನನಗೆ ಸಿಕ್ಕ ಲೈಬ್ರರಿ ಈ ಜಾತಿಯದು. ಇವುಗಳಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು ‘ಕ್ಯಾಟ್ಸ್ ಮಿಯಾವ್ ವಿಲೇಜ್’. ಓಹಾಯೋದ ವೂಸ್ಟರ್ ಎಂಬ ಊರಿನಲ್ಲಿ ಫೇಲೀನ್ ಜೋನ್ಸ್ ಎಂಬಾಕೆ 1982ರಲ್ಲಿ ಶುರು ಮಾಡಿದ್ದು. ಹಲಗೆಯನ್ನು ಕಟ್ಟಡದ ಆಕಾರಕ್ಕೆ ಕತ್ತರಿಸಿ, ಮುಂದೆ ಸ್ಕ್ರೀನ್ ಪ್ರಿಂಟ್ ಮಾಡಿರುತ್ತಾರೆ. ಕರಿ ಬೆಕ್ಕಿನ ಹೆಸರು ಕ್ಯಾಸ್ಪರ್. ಚಿತ್ರದಲ್ಲಿ ಎಲ್ಲಾದರೂ ಒಂದು ಕಡೆ ಅದು ಕೂತೇ ಇರುತ್ತದೆ, ಮಕ್ಕಳಿಗೆ ಹುಡುಕಲು ಒಳ್ಳೆ ಆಟ. ಇವರ ದೊಡ್ಡ ಕೆಲಸ ಅಂದರೆ, ಹೆಸರಾಂತ ಮನೆಗಳ ಜೊತೆಗೆ ಸಣ್ಣ ಸಣ್ಣ ಊರಿನ ಕೋರ್ಟು, ಚರ್ಚು, ಹಿಟ್ಟಿನ ಗಿರಣಿ, ರೈಲ್ವೆ ಸ್ಟೇಷನ್ನುಗಳನ್ನೂ ಮಾಡಿದ್ದು. ಊರಿನ ಇತಿಹಾಸ ಸಂಘದವರು ಹಣ ಕೂಡಿಸಲು ಇವನ್ನು ಆರ್ಡರ್ ಕೊಟ್ಟು ಮಾಡಿಸಿ ಮಾರುತ್ತಿದ್ದರು.

ಮರದ್ದೇ ಇನ್ನೊಂದು ಬಗೆ ‘ಶೀಲಿಯಾಸ್’. ಇದು ದಕ್ಷಿಣ ಕರೋಲಿನಾದ ಚಾರ್ಲ್‌ಸ್ಟನ್ ಊರಿನದು. ಇವುಗಳಲ್ಲಿ ಮರದ ಪದರದ ಮೇಲೆ ಪದರ ಕೂರಿಸಿರುವುದರಿಂದ ಜಗುಲಿ, ಕಂಬ ಸ್ವಲ್ಪ ಮುಂದೆ ಚಾಚಿದಂತೆ ಕಾಣುತ್ತವೆ. ಬಣ್ಣ ಬಣ್ಣದ ಮನೆಗಳ ಸಾಲುಗಳಾದ ಚಾರ್ಲ್‌ಸ್ಟನ್ನಿನ ‘ರೇನ್‌ಬೋ ರೋ’, ಸ್ಯಾನ್ ಫ್ರಾನ್ಸಿಸ್ಕೋದ ‘ಪೇಂಟೆಡ್ ಲೇಡೀಸ್’ ಬೇಕೆಂದರೆ ಇದರಲ್ಲಿ ಹುಡುಕಿ.

ಆಮೇಲೆ ಬರುವುದು ದೀಪದ ಮನೆಗಳು. ಪಿಂಗಾಣಿಯವು, ಒಳಗೊಂದು ಪುಟ್ಟ ಬಲ್ಬು. ‘ಡಿಪಾರ್ಟ್‌ಮೆಂಟ್ 56’ ಎಂಬ ಮಿನಿಸೋಟಾದ ಕಂಪನಿ 1976ರಲ್ಲಿ ‘ಸ್ನೋ ವಿಲೇಜ್’ ತಂದಿತು. 1986ರಲ್ಲಿ ‘ನ್ಯೂ ಇಂಗ್ಲೆಂಡ್ ವಿಲೇಜ್’, 1987ರಲ್ಲಿ ‘ಕ್ರಿಸ್‌ಮಸ್ ಇನ್ ದಿ ಸಿಟಿ’. ಕ್ರಿಸ್‌ಮಸ್‌ಗೆ ಮರದ ಬುಡದಲ್ಲಿ ಊರು ಜೋಡಿಸುವ ಪದ್ಧತಿ ಅಲ್ಲಿ ಹಳೆಯದು. ಪೆನ್ಸಿಲ್ವೇನಿಯಾದ ಮೊರೇವಿಯನ್ ಕ್ರೈಸ್ತರು ಅದನ್ನು ‘ಪುಟ್ಸ್’ ಎನ್ನುತ್ತಾರೆ. ಮೈಸೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ? ಆದರೆ ಒಂದು ಮಾತು. ಈ ದೀಪದ ಮನೆಗಳಲ್ಲಿ ಹೆಚ್ಚಿನವು ಕಲ್ಪನೆಯವು. ‘ಹಳೆ ಅಮೆರಿಕದ ಮನೆ’ ಥರ ಇರುತ್ತವೆ, ಆದರೆ ಆ ಮನೆ ಎಲ್ಲೂ ಇರುವುದಿಲ್ಲ. ನಿಜವಾದ ಚಾರಿತ್ರಿಕ ಮನೆಯೇ ಬೇಕೆಂದರೆ ಡಬ್ಬಿಯ ಮೇಲಿನ ಹೆಸರು ಓದಿ, ಅದು ಇರುವ ಊರನ್ನು ಖಚಿತ ಮಾಡಿಕೊಂಡು ತೆಗೆದುಕೊಳ್ಳಿ.

ಇನ್ನು ಅಚ್ಚಿನಲ್ಲಿ ಎರಕ ಹೊಯ್ದು ಕೈಯಲ್ಲಿ ಬಣ್ಣ ಹಾಕಿದವು ಇವೆ. ಇಂಗ್ಲೆಂಡಿನ ‘ಲಿಲಿಪುಟ್ ಲೇನ್’ ಅಮೆರಿಕದ ಕಟ್ಟಡಗಳದ್ದೇ ಒಂದು ಸಾಲು ಮಾಡಿತ್ತು. ಕೂತು ಕಟ್ಟುವ ಖುಷಿ ಬೇಕೆನ್ನುವವರಿಗೆ ಪ್ಲಾಸ್ಟಿಕ್ ತುಂಡು ಜೋಡಿಸುವ ಲೆಗೋ ಇದೆ. ಆರ್ಕಿಟೆಕ್ಟ್ ಫ್ರಾಂಕ್ ಲಾಯ್ಡ್ ರೈಟ್ ವಿನ್ಯಾಸ ಮಾಡಿದ ‘ಫಾಲಿಂಗ್‌ವಾಟರ್’ ಮನೆಯ ಲೆಗೋ 2009ರಲ್ಲಿ ಬಂತು. ಶಿಕಾಗೋದ ರೋಬಿ ಹೌಸ್ 2011ರಲ್ಲಿ ಬಂತು, ಅದಕ್ಕೆ 2,276 ತುಂಡುಗಳು. ಎರಡೂ ಈಗ ತಯಾರಾಗುತ್ತಿಲ್ಲ, ಹಾಗಾಗಿ ಬೆಲೆ ಜಾಸ್ತಿ.

ಮೊದಲ ಸಲ ಕೊಳ್ಳುವವರಿಗೆ ನನ್ನ ಸಲಹೆ ಚಪ್ಪಟೆ ಮರದ್ದು. ಅಗ್ಗ, ಹಗುರ, ಒಡೆಯುವುದಿಲ್ಲ, ಬೆನ್ನ ಮೇಲೆ ಕತೆ ಬರೆದಿರುತ್ತದೆ.

ಹೆಜ್ಜೆ 2: ಒಂದು ಎಳೆ ಹಿಡಿಯಿರಿ

ಕಂಡದ್ದನ್ನೆಲ್ಲ ಕೊಂಡರೆ ಆರು ತಿಂಗಳಲ್ಲಿ ಬೇಜಾರಾಗುತ್ತದೆ. ನೀವಿದ್ದ ಊರು, ಓದಿದ ಊರು, ಮೊಮ್ಮಗು ಹುಟ್ಟಿದ ಊರು, ಯಾವುದಾದರೂ ಒಂದು ಊರಿನಿಂದ ಶುರು ಮಾಡಿ. ಇಲ್ಲವೇ ಅಧ್ಯಕ್ಷರ ಮನೆಗಳು ಅಂತ ಇಟ್ಟುಕೊಳ್ಳಬಹುದು: ವಾಷಿಂಗ್ಟನ್‌ರ ಮೌಂಟ್ ವರ್ನನ್, ಜೆಫರ್ಸನ್‌ರ ಮಾಂಟಿಚೆಲೊ, ಲಿಂಕನ್‌ರ ಸ್ಪ್ರಿಂಗ್‌ಫೀಲ್ಡ್ ಮನೆ. ಸಾಹಿತ್ಯ ಓದುವವರಿಗೆ ಹಾರ್ಟ್‌ಫರ್ಡಿನಲ್ಲಿರುವ ಮಾರ್ಕ್ ಟ್ವೇನ್ ಮನೆ. 1874ರಿಂದ 1891ರವರೆಗೆ ಅವರು ಅಲ್ಲಿದ್ದರು, 25 ಕೋಣೆಗಳ ದೊಡ್ಡ ಮನೆ.

ನನ್ನ ಎಳೆ ‘ಯಾರೋ ಹಟ ಹಿಡಿದು ಉಳಿಸಿದ ಮನೆಗಳು’. ಇದು ತಾನಾಗಿ ಆದದ್ದು. ಮನೆಗಳ ಬಗ್ಗೆ ಓದುತ್ತಾ ಹೋದ ಹಾಗೆ ಮತ್ತೆ ಮತ್ತೆ ಹೆಂಗಸರ ಹೆಸರೇ ಎದುರಾಯಿತು. ಮೌಂಟ್ ವರ್ನನ್ ಬೀಳುವ ಹಾಗೆ ಆಗಿದ್ದಾಗ ಅದನ್ನು ಉಳಿಸಲು ಆ್ಯನ್ ಪಮೆಲಾ ಕನಿಂಗ್‌ಹ್ಯಾಮ್ 1853ರಲ್ಲಿ ಮಹಿಳೆಯರ ಸಂಘ ಕಟ್ಟಿದರು. ಊರೂರಿಂದ ಹಣ ಕೂಡಿಸಿ, ಎರಡು ಲಕ್ಷ ಡಾಲರಿಗೆ 1858ರಲ್ಲಿ ಕೊಳ್ಳುವ ಕರಾರು ಮಾಡಿಕೊಂಡರು. ಇವತ್ತಿಗೂ ಆ ಸಂಘವೇ ಅದನ್ನು ನೋಡಿಕೊಳ್ಳುತ್ತಿದೆ. ಚಾರ್ಲ್‌ಸ್ಟನ್ನಿನ ರೇನ್‌ಬೋ ರೋದಲ್ಲಿ 13 ಮನೆಗಳಿವೆ. ಅದು ಪಾಳುಬಿದ್ದ ಬೀದಿಯಾಗಿತ್ತು. 1931ರಲ್ಲಿ ಡೊರೋಥಿ ಪೋರ್ಚರ್ ಲೆಗ್ ಅಲ್ಲಿ ಮನೆ ಕೊಂಡು ಗುಲಾಬಿ ಬಣ್ಣ ಬಳಿಸಿದರು. ಅಕ್ಕಪಕ್ಕದವರೂ ಒಬ್ಬೊಬ್ಬರಾಗಿ ತಿಳಿ ಬಣ್ಣಗಳನ್ನು ಬಳಿದರು, ಬೀದಿ ಉಳಿಯಿತು. ಇಷ್ಟು ಗೊತ್ತಾದ ಮೇಲೆ ಆ ಗುಲಾಬಿ ಮನೆಯ ಮಾದರಿ ಕೈಗೆ ಬಂದರೆ ಆಗುವ ಸಂತೋಷವೇ ಬೇರೆ.

ಹೆಜ್ಜೆ 3: ಮನೆಯನ್ನು ಓದಿ, ಮಾದರಿಯನ್ನು ಪರೀಕ್ಷೆ ಮಾಡಿ

ಇದು ಮುಖ್ಯವಾದ ಹೆಜ್ಜೆ. ಹೆಚ್ಚಿನವರು ಇದನ್ನೇ ಬಿಡುತ್ತಾರೆ.

ಅಮೆರಿಕದಲ್ಲಿ ಹಳೆಯ ಕಟ್ಟಡಗಳನ್ನು ಅಳತೆ ಮಾಡಿ ನಕ್ಷೆ ಬರೆದಿಡುವ ಒಂದು ಸರ್ಕಾರಿ ಯೋಜನೆ 1933ರಲ್ಲಿ ಶುರುವಾಯಿತು. ಹೆಸರು ‘ಹಿಸ್ಟಾರಿಕ್ ಅಮೆರಿಕನ್ ಬಿಲ್ಡಿಂಗ್ಸ್ ಸರ್ವೆ’, ಎಲ್ಲರೂ ‘ಹ್ಯಾಬ್ಸ್’ ಎನ್ನುತ್ತಾರೆ. ಅದು ಮಹಾ ಆರ್ಥಿಕ ಕುಸಿತದ ಕಾಲ, ಆರ್ಕಿಟೆಕ್ಟುಗಳಿಗೆ ಕೆಲಸವಿರಲಿಲ್ಲ. ಅವರಿಗೆ ಸಂಬಳ ಕೊಟ್ಟು ಹಳೆಯ ಮನೆಗಳ ನಕ್ಷೆ ಬರೆಸಿದರು. ಅವೆಲ್ಲ ಲೈಬ್ರರಿ ಆಫ್ ಕಾಂಗ್ರೆಸ್‌ನ ವೆಬ್‌ಸೈಟಿನಲ್ಲಿವೆ. ದುಡ್ಡು ಕೊಡಬೇಕಾಗಿಲ್ಲ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಮನೆಯ ಹೆಸರು, ಊರು ಹಾಕಿ ಹುಡುಕಿದರೆ ಎಷ್ಟೋ ಮನೆಗಳ ಮುಂಭಾಗ, ಪಕ್ಕ, ನೆಲದ ನಕ್ಷೆ, ಹಳೆಯ ಕಪ್ಪು-ಬಿಳುಪು ಫೋಟೋ ಸಿಗುತ್ತವೆ. ಕೊಳ್ಳುವ ಮೊದಲು ಒಂದು ರಾತ್ರಿ ಇದರಲ್ಲಿ ಕಳೆಯಿರಿ.

ಒಂದು ಉದಾಹರಣೆ ಹತ್ತಿರದಿಂದ ನೋಡೋಣ. ನಿಮ್ಮ ಕೈಯಲ್ಲಿ ಮೌಂಟ್ ವರ್ನನ್ ಮಾದರಿ ಇದೆ ಅಂದುಕೊಳ್ಳಿ. ಮೊದಲು ಕಿಟಕಿ ನೋಡಿ. ಗಾಡಿಗಳು ಬಂದು ನಿಲ್ಲುವ ಪಶ್ಚಿಮದ ಮುಖದಲ್ಲಿ ಕಿಟಕಿಗಳು ಎಡಕ್ಕೂ ಬಲಕ್ಕೂ ಒಂದೇ ಸಮ ಇಲ್ಲ. ಯಾಕೆಂದರೆ ಆ ಮನೆಯನ್ನು ಒಂದೇ ಸಲಕ್ಕೆ ಕಟ್ಟಿದ್ದಲ್ಲ. 1734ರಲ್ಲಿ ವಾಷಿಂಗ್ಟನ್‌ರ ತಂದೆ ಕಟ್ಟಿಸಿದ ಸಣ್ಣ ಮನೆಗೆ ಮಗ ಮೇಲೊಂದು ಅಂತಸ್ತು ಏರಿಸಿದರು, ಆಮೇಲೆ ಎರಡೂ ಪಕ್ಕ ಬೆಳೆಸಿದರು. ಮಾದರಿಯಲ್ಲಿ ಕಿಟಕಿಗಳು ಕನ್ನಡಿ ಹಿಡಿದ ಹಾಗೆ ಎರಡೂ ಕಡೆ ಸರಿಸಮ ಇದ್ದರೆ, ಮಾಡಿದವರು ಮನೆಯನ್ನು ಸರಿಯಾಗಿ ನೋಡಿಲ್ಲ ಅಂತಲೇ ಅರ್ಥ. ಆಮೇಲೆ ಮೇಲೆ ನೋಡಿ. ಮಾಡಿನ ನಡುವೆ ಪುಟ್ಟ ಗೋಪುರ, ಅದರ ತುದಿಗೆ ಗಾಳಿಯ ದಿಕ್ಕು ತೋರಿಸುವ ಪಾರಿವಾಳ, ಬಾಯಲ್ಲಿ ಆಲಿವ್ ಎಲೆಯ ಕುಡಿ. ಯುದ್ಧ ಮುಗಿಸಿ ಬಂದ ಸೇನಾಪತಿ 1787ರಲ್ಲಿ ಹೇಳಿ ಮಾಡಿಸಿದ ಶಾಂತಿಯ ಹಕ್ಕಿ ಅದು. ಸಣ್ಣ ಮಾದರಿಯಲ್ಲಿ ಅದು ಒಂದು ಚುಕ್ಕಿಯಷ್ಟಾದರೂ ಇರಬೇಕು. ತಿರುಗಿಸಿ ನದಿಯ ಕಡೆಯ ಮುಖ ನೋಡಿ: ಎರಡಂತಸ್ತಿನ ಎತ್ತರದ ಜಗುಲಿ, ಎಂಟು ಚೌಕ ಕಂಬ. ಎಣಿಸಿ. ಆರು ಕಂಬದ ಮೌಂಟ್ ವರ್ನನ್ ಕಂಡರೆ ಅಲ್ಲೇ ಇಟ್ಟು ಬನ್ನಿ. ಇನ್ನು ಗೋಡೆ ಕಲ್ಲಿನದ್ದಲ್ಲ. ಪೈನ್ ಮರದ ಹಲಗೆಯ ಅಂಚು ಕೆತ್ತಿ, ಹಸಿ ಬಣ್ಣದ ಮೇಲೆ ಮರಳು ಎರಚಿ ಕಲ್ಲಿನ ಹಾಗೆ ಕಾಣಿಸಿದ್ದಾರೆ. ಒಳ್ಳೆಯ ಮಾದರಿಯಲ್ಲಿ ಆ ಅಡ್ಡ-ಉದ್ದದ ಗೆರೆಗಳು ಬೆರಳಿಗೆ ತಾಗುತ್ತವೆ ಅಥವಾ ಕಣ್ಣಿಗಾದರೂ ಕಾಣುತ್ತವೆ.

ಲಿಂಕನ್ ಮನೆಯಲ್ಲಿ ಮೊದಲು ಬಣ್ಣ ನೋಡಬೇಕು. ಇಲಿನಾಯ್‌ನ ಸ್ಪ್ರಿಂಗ್‌ಫೀಲ್ಡಿನಲ್ಲಿರುವ ಆ ಮನೆ ಕಂದು ಬಣ್ಣದ್ದು, ಕಿಟಕಿಯ ರೆಕ್ಕೆಗಳು ಹಸಿರು. ಅಧ್ಯಕ್ಷರ ಮನೆ ಅಂದರೆ ಬಿಳಿ ಇರಲೇಬೇಕು ಅಂದುಕೊಂಡು ಬಿಳಿ ಬಳಿದಿದ್ದರೆ ಅನುಮಾನ ಪಡಿ. 1844ರಲ್ಲಿ ಅವರು ಕೊಂಡಾಗ ಅದು ಒಂದೂವರೆ ಅಂತಸ್ತಿನ ಮನೆ, 1856ರಲ್ಲಿ ಪೂರ್ತಿ ಎರಡಂತಸ್ತಾಯಿತು. ಲಿಂಕನ್ ತಮ್ಮ ಜೀವನದಲ್ಲಿ ಸ್ವಂತಕ್ಕೆ ಅಂತ ಹೊಂದಿದ್ದು ಇದೊಂದೇ ಮನೆ.

ಇಲ್ಲಿಂದಲೇ ನನಗೆ ಬಹಳ ಇಷ್ಟದ ಪ್ರಶ್ನೆ ಹುಟ್ಟುತ್ತದೆ. ಮಾದರಿ ತೋರಿಸುತ್ತಿರುವುದು ಆ ಮನೆಯ ಯಾವ ವರ್ಷದ ಮುಖ? ಅಮೆರಿಕದ ಸ್ವಾತಂತ್ರ್ಯ ಹೋರಾಟದಲ್ಲಿ ಹೆಸರಾದ ಪಾಲ್ ರೆವಿಯರ್ ಅವರ ಬಾಸ್ಟನ್ನಿನ ಮನೆ ಸುಮಾರು 1680ರದ್ದು. ರೆವಿಯರ್ ಅದರಲ್ಲಿದ್ದಾಗ ಅದಕ್ಕೆ ಮೂರನೇ ಅಂತಸ್ತು ಇತ್ತು. 1908ರ ಹೊತ್ತಿಗೆ ದುರಸ್ತಿ ಮಾಡಿದವರು ಮೇಲಿನದನ್ನು ತೆಗೆದು, ಇನ್ನೂ ಹಳೆಯ ರೂಪಕ್ಕೆ ತಂದರು. ಅಂದರೆ ಇವತ್ತು ನಾವು ‘ರೆವಿಯರ್ ಮನೆ’ ಅಂತ ಕೊಳ್ಳುವ ಮಾದರಿಯ ಆಕಾರದಲ್ಲಿ ಆ ಮನೆಯನ್ನು ರೆವಿಯರ್ ನೋಡಿರಲೇ ಇಲ್ಲ! ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸೇಲಂ ಊರಿನ ‘ಹೌಸ್ ಆಫ್ ದಿ ಸೆವೆನ್ ಗೇಬಲ್ಸ್’ ಕತೆಯೂ ಹೀಗೇ. ಗೇಬಲ್ ಅಂದರೆ ಇಳಿಜಾರು ಮಾಡಿನ ತುದಿಯಲ್ಲಿ ಕಾಣುವ ತ್ರಿಕೋನದ ಗೋಡೆ. 1668ರ ಆ ಮನೆಯ ಹೆಸರು 1851ರಲ್ಲಿ ಬಂದ ಹಾಥಾರ್ನ್ ಕಾದಂಬರಿಯಿಂದ ಜಗತ್ತಿಗೆಲ್ಲ ಗೊತ್ತಾಯಿತು. ಆದರೆ ಹಾಥಾರ್ನ್ ಹೋಗಿಬರುತ್ತಿದ್ದ ಕಾಲಕ್ಕೆ ಏಳು ಗೇಬಲ್ಲಿನಲ್ಲಿ ಮೂರೇ ಉಳಿದಿದ್ದವು. 1908ರಲ್ಲಿ ಕ್ಯಾರೊಲಿನ್ ಎಮರ್ಟನ್ ಮನೆ ಕೊಂಡು, ಏಳನ್ನೂ ಮತ್ತೆ ಎಬ್ಬಿಸಿದರು. ನಿಮ್ಮ ಮಾದರಿಯಲ್ಲಿ ಗೇಬಲ್ ಎಣಿಸುವಾಗ ಇದು ನೆನಪಿರಲಿ. ಚಪ್ಪಟೆ ಮರದ ತುಂಡಿನಲ್ಲಿ ಏಳೂ ಒಂದೇ ಕಡೆಯಿಂದ ಕಾಣುವುದಿಲ್ಲ, ಅದು ತಪ್ಪಲ್ಲ.

ಸ್ಯಾನ್ ಫ್ರಾನ್ಸಿಸ್ಕೋದ ಸ್ಟೈನರ್ ಬೀದಿಯ ‘ಪೇಂಟೆಡ್ ಲೇಡೀಸ್’ ಮನೆಗಳು 1892ರಿಂದ 1896ರ ಒಳಗೆ ಕಟ್ಟಿದವು. ಕಾಲಕಾಲಕ್ಕೆ ಅವುಗಳ ಬಣ್ಣ ಬದಲಾಗಿದೆ. ನಿಮ್ಮ ಮಾದರಿಯ ಬಣ್ಣ ಇವತ್ತಿನ ಫೋಟೋಗೆ ಹೊಂದದಿದ್ದರೆ ಗಾಬರಿ ಬೇಡ, ಮಾದರಿ ಮಾಡಿದ ವರ್ಷದ ಫೋಟೋ ಹುಡುಕಿ ಹೋಲಿಸಿ.

ಹೆಜ್ಜೆ 4: ಮಾದರಿಯಲ್ಲಿ ಬಿಟ್ಟುಹೋಗಿದ್ದನ್ನೂ ಹುಡುಕಿ

ಮಾಂಟಿಚೆಲೊ ಎಂಥ ಚೆಂದದ ಮನೆ. ಪಶ್ಚಿಮದಿಂದ ನೋಡಿದರೆ ಒಂದೇ ಅಂತಸ್ತು ಅನ್ನಿಸುತ್ತದೆ, ಒಳಗೆ ಮೂರಿವೆ. 1938ರಲ್ಲಿ ಅದು ಐದು ಸೆಂಟಿನ ನಾಣ್ಯದ ಬೆನ್ನಿಗೆ ಬಂತು. 1987ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಆದರೆ ಆ ಮನೆಯ ಪಕ್ಕದಲ್ಲೇ ಮಲ್ಬೆರಿ ರೋ ಅಂತ ಒಂದು ಸಾಲು ಇತ್ತು. ಗುಲಾಮರಾಗಿ ದುಡಿದವರ ಗುಡಿಸಲು, ಮೊಳೆ ಮಾಡುವ ಕುಲುಮೆ, ಮರಗೆಲಸದ ಕೊಟ್ಟಿಗೆ ಎಲ್ಲ ಅಲ್ಲಿದ್ದವು. ಜೆಫರ್ಸನ್ ತಮ್ಮ ಜೀವನದಲ್ಲಿ 600ಕ್ಕೂ ಹೆಚ್ಚು ಜನರನ್ನು ಗುಲಾಮರನ್ನಾಗಿ ಇಟ್ಟುಕೊಂಡಿದ್ದರು. ನಾನು ನೋಡಿದ ಯಾವ ಅಂಗಡಿಯ ಮಾದರಿಯಲ್ಲೂ ಆ ಸಾಲು ಇರಲಿಲ್ಲ. ಬರೀ ಗುಮ್ಮಟ, ಬಿಳಿ ಕಂಬ, ಹಸಿರು ಹುಲ್ಲು.

ಹಾಗಂತ ಮಾದರಿ ಕೊಳ್ಳಬೇಡಿ ಅನ್ನುತ್ತಿಲ್ಲ. ನಾನು ಮಾಡಿದ್ದು ಇಷ್ಟು: ಮಾಂಟಿಚೆಲೊ ಪಕ್ಕದಲ್ಲಿ ಸಣ್ಣ ಮರದ ಚೂರುಗಳಿಂದ ನಾಲ್ಕು ಗುಡಿಸಲು ಮಾಡಿ ಇಟ್ಟೆ, ಒಂದು ಚೀಟಿಯಲ್ಲಿ ಮಲ್ಬೆರಿ ರೋ ಅಂತ ಬರೆದೆ. ಗೊಂಬೆ ನೋಡಲು ಬರುವ ಮಕ್ಕಳು ಮೊದಲು ಕೇಳುವುದೇ ಅದರ ಬಗ್ಗೆ. ಮೌಂಟ್ ವರ್ನನ್ ಇಟ್ಟುಕೊಂಡವರೂ ಹೀಗೆ ಮಾಡಬಹುದು, ಅದೂ ಗುಲಾಮರ ದುಡಿಮೆಯ ಮೇಲೆ ನಿಂತಿದ್ದ ಮನೆಯೇ.

ಹೆಜ್ಜೆ 5: ಸ್ಕೇಲ್ ನೋಡಿಕೊಳ್ಳಿ

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ಸ್ಕೇಲ್ ಅಂದರೆ ಮಾದರಿಗೂ ನಿಜವಾದ ಮನೆಗೂ ಇರುವ ಅಳತೆಯ ಅನುಪಾತ. 1:12 ಅಂದರೆ ನಿಜವಾದ ಮನೆಯ ಹನ್ನೆರಡನೇ ಒಂದು ಭಾಗದಷ್ಟು. ಮುಂಭಾಗ 40 ಅಡಿ ಅಗಲದ ಮನೆ 1:12 ಸ್ಕೇಲಿನಲ್ಲಿ 40 ಇಂಚು ಆಗುತ್ತದೆ, ಅಂದರೆ ಮೇಜಿನಷ್ಟು. 1:48ರಲ್ಲಿ 10 ಇಂಚು, ಆಟದ ರೈಲಿನ ಎಚ್‌ಒ ಸ್ಕೇಲ್ 1:87ರಲ್ಲಿ ಐದೂವರೆ ಇಂಚು, ಎನ್ ಸ್ಕೇಲ್ 1:160ರಲ್ಲಿ 3 ಇಂಚು. ಚಪ್ಪಟೆ ಮರದವು, ದೀಪದವು ಯಾವ ಸ್ಕೇಲಿಗೂ ಕಟ್ಟುಬಿದ್ದಿರುವುದಿಲ್ಲ. ಗುಡಿಸಲೂ ಅರಮನೆಯೂ ಒಂದೇ ಎತ್ತರ ಇರಬಹುದು. ನಿಮಗೆ ಅದು ಕಿರಿಕಿರಿ ಅನ್ನಿಸಿದರೆ ಒಂದೇ ಸಾಲಿನಲ್ಲಿ ಇಡಬೇಡಿ. ಶಿಕಾಗೋಗೆ ಹೋದರೆ ಆರ್ಟ್ ಇನ್‌ಸ್ಟಿಟ್ಯೂಟಿನ ನೆಲಮಾಳಿಗೆಯಲ್ಲಿ ಥಾರ್ನ್ ಮಿನಿಯೇಚರ್ ರೂಮ್ಸ್ ನೋಡಲೇಬೇಕು. 1:12ರಲ್ಲಿ ಮಾಡಿದ 68 ಕೋಣೆಗಳು, ಯುರೋಪಿನವೂ ಇವೆ, ಅಮೆರಿಕದವೂ ಇವೆ. ಅಲ್ಲಿ ಒಂದು ಗಂಟೆ ನಿಂತರೆ ಸ್ಕೇಲ್ ಅಂದರೇನು ಅಂತ ಕಣ್ಣಿಗೇ ಗೊತ್ತಾಗುತ್ತದೆ.

ಹೆಜ್ಜೆ 6: ಕೊಳ್ಳುವುದು

1990ರ ದಶಕದಲ್ಲಿ ಇವಕ್ಕೆ ಹುಚ್ಚು ಬೇಡಿಕೆ ಇತ್ತು. ಕಂಪನಿಗಳು ಒಂದಷ್ಟು ವರ್ಷ ಮಾಡಿ ‘ರಿಟೈರ್’ ಮಾಡುತ್ತಿದ್ದವು, ಅಂದರೆ ತಯಾರಿಕೆ ನಿಲ್ಲಿಸುತ್ತಿದ್ದವು, ಜನ ಮುಂದೆ ಬೆಲೆ ಬರುತ್ತದೆ ಅಂತ ಕೊಂಡಿಡುತ್ತಿದ್ದರು. ಆಮೇಲೆ ಬೆಲೆ ಇಳಿದುಹೋಯಿತು. ಅಂದು ಕೊಂಡವರ ಮಕ್ಕಳು ಇಂದು ಮನೆ ಖಾಲಿ ಮಾಡುವಾಗ ಪೆಟ್ಟಿಗೆಗಟ್ಟಲೆ ಮಾರುತ್ತಾರೆ. ಹಾಗಾಗಿ ದುಡ್ಡು ಮಾಡಲು ಇದಕ್ಕೆ ಕೈ ಹಾಕಬೇಡಿ. ಪ್ರೀತಿಯಿಂದ ಕೊಳ್ಳುವವರಿಗೆ ಮಾತ್ರ ಇದು ಒಳ್ಳೆಯ ಕಾಲ. ಸಾಮಾನ್ಯ ಚಪ್ಪಟೆ ಮರದ ಮನೆ ಐದು-ಹತ್ತು ಡಾಲರಿನ ಒಳಗೆ ಧಾರಾಳವಾಗಿ ಸಿಗುತ್ತದೆ.

ಗುಡ್‌ವಿಲ್, ಸಾಲ್ವೇಷನ್ ಆರ್ಮಿಯಂಥ ಹಳೆ ಸಾಮಾನಿನ ಅಂಗಡಿಗಳನ್ನು ಮೊದಲು ನೋಡಿ. ಕ್ರಿಸ್‌ಮಸ್ ಮುಗಿದ ಜನವರಿಯಲ್ಲಿ ಜಾಸ್ತಿ ಬರುತ್ತವೆ. ಮನೆ ಖಾಲಿ ಮಾಡುವಾಗ ಒಳಗಿನ ಸಾಮಾನನ್ನೆಲ್ಲ ಮಾರುವ ಎಸ್ಟೇಟ್ ಸೇಲ್‌ಗೆ ಕೊನೆಯ ದಿನ ಹೋದರೆ ಅರ್ಧ ಬೆಲೆಗೆ ಕೊಡುವುದುಂಟು. ಊರಿನ ಇತಿಹಾಸ ಸಂಘದ ಆಫೀಸಿಗೆ ಒಮ್ಮೆ ಹೋಗಿ ಕೇಳಿ. ಎಷ್ಟೋ ಕಡೆ ಹಳೆಯ ಸ್ಟಾಕ್ ಕಪಾಟಿನಲ್ಲಿ ಹಾಗೇ ಇರುತ್ತದೆ, ಕೊಟ್ಟ ದುಡ್ಡು ಸಂಘಕ್ಕೇ ಹೋಗುತ್ತದೆ. ಮನೆ ನೋಡಲು ಹೋದಾಗ ಅಲ್ಲಿನ ಮ್ಯೂಸಿಯಂ ಅಂಗಡಿಯಲ್ಲೂ ನೋಡಿ. ಬೆಲೆ ಸ್ವಲ್ಪ ಹೆಚ್ಚಾದರೂ ಆ ಮನೆಯ ದುರಸ್ತಿಗೆ ಸಲ್ಲುತ್ತದೆ.

ಇ-ಬೇ ಎಂಬ ವೆಬ್‌ಸೈಟಿನಲ್ಲಿ ಕೊಳ್ಳುವಾಗ ಮಾರುವವರು ಹೇಳಿದ ಬೆಲೆ ನೋಡಬೇಡಿ. ‘ಸೋಲ್ಡ್’ ಅಂತ ಒತ್ತಿದರೆ ನಿಜವಾಗಿ ಎಷ್ಟಕ್ಕೆ ಹೋಗಿದೆ ಅಂತ ಕಾಣುತ್ತದೆ, ಅದೇ ಸರಿಯಾದ ಬೆಲೆ. ತಳದ ಮತ್ತು ಬೆನ್ನಿನ ಫೋಟೋ ಕೇಳಿ. ಕಂಪನಿಯ ಹೆಸರು, ವರ್ಷ, ಸಹಿ ಇರುವುದು ಅಲ್ಲೇ. ಅಂಚೆ ಖರ್ಚು ಮನೆಗಿಂತ ಜಾಸ್ತಿ ಆಗುವುದುಂಟು, ಅದಕ್ಕೇ ಒಬ್ಬರ ಹತ್ತಿರವೇ ನಾಲ್ಕೈದು ಕೊಳ್ಳುವುದು ಲಾಭ.

ಕೈಯಲ್ಲಿ ಹಿಡಿದು ನೋಡುವ ಅವಕಾಶ ಇದ್ದರೆ ಮೊಬೈಲ್ ಟಾರ್ಚ್ ಹಾಕಿ ಪಕ್ಕದಿಂದ ಬೆಳಕು ಬಿಡಿ. ಹೊಗೆಗೂಡಿನ ಮೂಲೆ, ಜಗುಲಿಯ ಕಂಬ, ಮಾಡಿನ ಚೂಪು ತುದಿ, ಮೊದಲು ಏಟು ಬೀಳುವುದು ಇವಕ್ಕೇ. ಅಂಟು ಹಾಕಿದ್ದರೆ ಆ ಜಾಗ ಹೊಳೆಯುತ್ತದೆ, ಉಗುರಿಗೆ ಏಣು ತಾಗುತ್ತದೆ. ಪಿಂಗಾಣಿಯದಾದರೆ ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ. ಗಟ್ಟಿಯಿದ್ದರೆ ಟಣ್ ಅನ್ನುತ್ತದೆ, ಬಿರುಕಿದ್ದರೆ ದನಿ ಮಂಕಾಗಿರುತ್ತದೆ. ಮಡಕೆ ಕೊಳ್ಳುವಾಗ ನಮ್ಮಜ್ಜಿ ಮಾಡುತ್ತಿದ್ದ ಹಾಗೇ.

ಮೂಲ ಡಬ್ಬಿ ಬೇಕೇ? ದೀಪದ ಮನೆಗೆ ಬೇಕು. ಅದರ ಥರ್ಮೋಕೋಲ್ ಅಚ್ಚು ಆ ಮನೆಗೆಂದೇ ಕೊರೆದಿರುತ್ತದೆ, ಸಾಗಿಸಲು ಅದಕ್ಕಿಂತ ಒಳ್ಳೆಯದಿಲ್ಲ. ಮರದ್ದಕ್ಕೆ ಬೇಕಾಗಿಲ್ಲ.

ಹೆಜ್ಜೆ 7: ಊರಿಗೆ ತರುವುದು, ದೀಪ ಹಚ್ಚುವುದು

ಮರದವನ್ನು ಎರಡೆರಡಾಗಿ ಕಾಲುಚೀಲದಲ್ಲಿ ಹಾಕಿ ಸೂಟ್‌ಕೇಸಿನ ನಡುವೆ ಇಡಿ. ನಡುವೆ ಕಾಗದ ಇರಲಿ, ಇಲ್ಲದಿದ್ದರೆ ಬಣ್ಣ ಉಜ್ಜಿಹೋಗುತ್ತದೆ. ಪಿಂಗಾಣಿ ಮಾತ್ರ ಕೈಚೀಲದಲ್ಲೇ.

ದೀಪದ ವಿಷಯದಲ್ಲಿ ದಯವಿಟ್ಟು ಎಚ್ಚರ. ಅಮೆರಿಕದ ಕರೆಂಟು 120 ವೋಲ್ಟ್, ನಮ್ಮದು 230. ಅಂಗಡಿಯಲ್ಲಿ ಸಿಗುವ ಸಣ್ಣ ಪ್ಲಗ್ ಅಡಾಪ್ಟರ್ ಪಿನ್ನಿನ ಆಕಾರವನ್ನು ಬದಲಿಸುತ್ತದೆ ಅಷ್ಟೇ, ವೋಲ್ಟೇಜ್ ಇಳಿಸುವುದಿಲ್ಲ. ನನಗೆ ಇದು ಗೊತ್ತಿರಲಿಲ್ಲ. ಮೈಸೂರಿಗೆ ಬಂದ ಮೊದಲ ದಸರಾಗೆ ನನ್ನ ನ್ಯೂ ಇಂಗ್ಲೆಂಡ್ ಚರ್ಚನ್ನು ಹಾಗೇ ಸಿಕ್ಕಿಸಿದೆ. ಒಂದು ಕ್ಷಣ ಕಣ್ಣು ಕುಕ್ಕುವ ಬೆಳಕು, ಆಮೇಲೆ ಪಟ್ ಅಂತ ಸದ್ದು. ಬಲ್ಬು ಸಿಡಿದು ಒಳಗೋಡೆಗೆ ಕರಿ ಕಲೆ ಹಿಡಿಯಿತು, ಇವತ್ತಿಗೂ ಹೋಗಿಲ್ಲ. ಪಕ್ಕದಲ್ಲಿ ಮಗಳು ನಿಂತಿದ್ದಳು, ಅವಳಿಗೆ ಏನೂ ಆಗಲಿಲ್ಲ ಅನ್ನುವುದೇ ಸಮಾಧಾನ. 120 ವೋಲ್ಟಿನ ಬಲ್ಬಿಗೆ 230 ಕೊಟ್ಟರೆ ಅದು ಮೂರೂವರೆ ಪಟ್ಟಿಗೂ ಜಾಸ್ತಿ ಶಕ್ತಿ ಎಳೆಯಲು ಹೋಗುತ್ತದೆ.

ದಾರಿ ಎರಡು. ಮೂಲ ವೈರು, ಬಲ್ಬೇ ಬೇಕೆಂದರೆ ವೋಲ್ಟೇಜ್ ಇಳಿಸುವ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಕೊಳ್ಳಿ. ಎಷ್ಟು ಮನೆ, ಒಂದೊಂದಕ್ಕೆ ಎಷ್ಟು ವಾಟ್ ಅಂತ ಕೂಡಿ, ಅದರ ಎರಡರಷ್ಟು ತಾಳುವುದನ್ನು ತೆಗೆದುಕೊಳ್ಳಿ. ಸುಲಭದ್ದು ಬೇಕೆಂದರೆ ಹಳೆ ಬಲ್ಬು ತೆಗೆದು, ಹಿಂದಿನ ತೂತಿನಿಂದ ಯುಎಸ್‌ಬಿಯಲ್ಲಿ ಉರಿಯುವ ಎಲ್‌ಇಡಿ ಸರ ತೂರಿಸಿ. ಬೆಚ್ಚನೆ ಹಳದಿ ಬೆಳಕಿನದೇ ಆರಿಸಿ, ಬಿಳಿ ಬೆಳಕಿನಲ್ಲಿ ಮನೆ ಆಸ್ಪತ್ರೆಯ ಹಾಗೆ ಕಾಣುತ್ತದೆ. ಎಲ್‌ಇಡಿ ಅಷ್ಟು ಬಿಸಿ ಆಗುವುದಿಲ್ಲ, ಹತ್ತೂ ದಿನ ಸಂಜೆ ಹಚ್ಚಿದರೂ ಭಯವಿಲ್ಲ.

ಹೆಜ್ಜೆ 8: ಕಾಪಾಡುವುದು

ಬಿಸಿಲು ಬೀಳುವ ಕಡೆ ಇಡಬೇಡಿ. ಸ್ಕ್ರೀನ್ ಪ್ರಿಂಟಿನ ಬಣ್ಣದಲ್ಲಿ ಕೆಂಪು ಮೊದಲು ಮಾಸುತ್ತದೆ, ಮಾಸಿದರೆ ಮತ್ತೆ ಬರುವುದಿಲ್ಲ. ಧೂಳಿಗೆ ಮೆತ್ತನೆಯ ಬಣ್ಣದ ಕುಂಚ ಸಾಕು, ಮೇಲಿನಿಂದ ಕೆಳಕ್ಕೆ. ಗಾಜು ಒರೆಸುವ ಸ್ಪ್ರೇ, ಒದ್ದೆ ಬಟ್ಟೆ ಮರದ ಹತ್ತಿರ ಸುಳಿಯಬಾರದು.

ಮಳೆಗಾಲ ದೊಡ್ಡ ಶತ್ರು. ಮೈಸೂರಿನಲ್ಲಿ ಹೇಗೋ ಆಗುತ್ತದೆ. ಮಂಗಳೂರು, ಮಡಿಕೇರಿ, ತೀರ್ಥಹಳ್ಳಿ ಕಡೆಯವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಗಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಟ್ಟುಬಿಡಿ. ಬೂಷ್ಟು ಹಿಡಿದರೆ ಒಣ ಕುಂಚದಲ್ಲಿ ಮನೆಯ ಹೊರಗೆ ಕೊಡವಿ, ನೆರಳಲ್ಲಿ ಗಾಳಿಗಿಡಿ. ಬೀರುವನ್ನು ಗೋಡೆಗೆ ಒತ್ತಿಸಬೇಡಿ, ಮೂರು ಬೆರಳು ಜಾಗ ಬಿಡಿ. ಗೋಡೆಯ ಥಂಡಿಯೂ ಗೆದ್ದಲೂ ಅಲ್ಲಿಂದಲೇ ಬರುವುದು.

ನುಸಿ ಗುಳಿಗೆ ಹಾಕುವ ಅಭ್ಯಾಸ ನಮ್ಮೆಲ್ಲರ ಮನೆಯಲ್ಲೂ ಇದೆ. ಇವುಗಳ ಡಬ್ಬಿಗೆ ಹಾಕಬೇಡಿ. ಆ ಆವಿಗೆ ಥರ್ಮೋಕೋಲ್ ಮತ್ತು ಕೆಲವು ಪ್ಲಾಸ್ಟಿಕ್ ಮೆತ್ತಗಾಗಿ ಅಂಟಿಕೊಳ್ಳುತ್ತವೆ. ಅದರ ಬದಲು ಒಣಗಿದ ಬೇವಿನೆಲೆಯನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಮೂಲೆಯಲ್ಲಿಡಿ, ಅದು ಮನೆಗೆ ತಾಗದಂತಿರಲಿ.

ಒಂದು ಪುಸ್ತಕವನ್ನೂ ಇಡಿ. ಮನೆಯ ಹೆಸರು, ಊರು, ನಿಜವಾದ ಮನೆ ಕಟ್ಟಿದ ವರ್ಷ, ಮಾದರಿಯ ವರ್ಷ, ಎಲ್ಲಿ ಎಷ್ಟಕ್ಕೆ ಕೊಂಡಿದ್ದು, ಯಾರು ಜೊತೆಗಿದ್ದರು. ಕೊನೆಯದನ್ನು ನಾನು ಮೊದಲೆಲ್ಲ ಬರೆಯುತ್ತಿರಲಿಲ್ಲ. ಈಗ ಪುಟ ತಿರುಗಿಸುವಾಗ ಮೊದಲು ಅದನ್ನೇ ಹುಡುಕುತ್ತೇನೆ.

ಹೆಜ್ಜೆ 9: ಸಿಗದ ಮನೆಯನ್ನು ನೀವೇ ಮಾಡಿ

ನಿಮಗೆ ಬೇಕಾದ ಮನೆಯನ್ನು ಯಾವ ಕಂಪನಿಯೂ ಮಾಡಿರುವುದಿಲ್ಲ, ಹೀಗೂ ಆಗುತ್ತದೆ. ಹ್ಯಾಬ್ಸ್ ನಕ್ಷೆ ಇದ್ದರೆ ಒಂದು ಭಾನುವಾರ ಸಾಕು. ಮುಂಭಾಗದ ನಕ್ಷೆಯನ್ನು ಇಳಿಸಿಕೊಂಡು ಐದು ಇಂಚು ಎತ್ತರಕ್ಕೆ ಕುಗ್ಗಿಸಿ, ದಪ್ಪ ಮ್ಯಾಟ್ ಕಾಗದದ ಮೇಲೆ ಎರಡು ಪ್ರತಿ ಪ್ರಿಂಟ್ ತೆಗೆಸಿ. ಒಂದಕ್ಕೆ ಬಣ್ಣದ ಪೆನ್ಸಿಲಿನಲ್ಲಿ ಬಣ್ಣ ತುಂಬಿ. ಜಲವರ್ಣ ಬೇಡ, ಕಾಗದ ಉಬ್ಬುತ್ತದೆ. ಇನ್ನೊಂದನ್ನು ಹೊರಗೆರೆಗೆ ಕತ್ತರಿಸಿ 18 ಮಿಲಿಮೀಟರ್ ದಪ್ಪದ ಹಲಗೆಯ ಮೇಲಿಟ್ಟು ಗುರುತು ಹಾಕಿ. ಹೊಗೆಗೂಡಿನಂಥ ತೆಳು ಭಾಗಕ್ಕೆ ಸ್ವಲ್ಪ ಹೆಚ್ಚು ಬಿಡಿ. ಹತ್ತಿರದ ಬಡಗಿ ಅಂಗಡಿಯಲ್ಲಿ ಜಿಗ್ ಸಾ ಇರುತ್ತದೆ, ಐದು ನಿಮಿಷದ ಕೆಲಸ. ಅಂಚನ್ನು ಉಪ್ಪುಕಾಗದದಲ್ಲಿ ಉಜ್ಜಿ ನಯ ಮಾಡಿ, ಪಕ್ಕ-ಹಿಂಭಾಗಕ್ಕೆ ಒಂದು ಕೋಟ್ ಬಣ್ಣ ಕೊಡಿ. ಒಣಗಿದ ಮೇಲೆ ಮುಂದೆ ಫೆವಿಕಾಲನ್ನು ತೆಳ್ಳಗೆ ಹಚ್ಚಿ ಚಿತ್ರ ಅಂಟಿಸಿ. ಮೇಲೆ ಒಂದು ಬಿಳಿ ಕಾಗದ, ಅದರ ಮೇಲೆ ನಿಘಂಟಿನಂಥ ಭಾರದ ಪುಸ್ತಕ ಹೇರಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮ್ಯಾಟ್ ವಾರ್ನಿಶ್ ಸ್ಪ್ರೇ ಎರಡು ಸಲ, ನಡುವೆ ಒಂದು ಗಂಟೆ ಅಂತರ.

ಆಮೇಲೆ ತಿರುಗಿಸಿ, ಬೆನ್ನ ಮೇಲೆ ಅಳಿಸದ ಪೆನ್ನಿನಲ್ಲಿ ಬರೆಯಿರಿ: ಮನೆಯ ಹೆಸರು, ಊರು, ಕಟ್ಟಿದ ವರ್ಷ, ಅದರಲ್ಲಿ ಯಾರ್ಯಾರು ಇದ್ದರು, ಯಾರು ಉಳಿಸಿದರು. ಕನ್ನಡದಲ್ಲೇ ಬರೆಯಿರಿ. ತಳದಲ್ಲಿ ನಿಮ್ಮ ಸಹಿ, ತಾರೀಖು ಹಾಕಿ ಒಣಗಲು ಬಿಡಿ.